ನಿನ್ನೆ ಲಾರಿಯಲ್ಲಿ ಏನಿತ್ತು?

ರಾಷ್ಟ್ರೀಯ ಹೆದ್ದಾರಿ 48 ತುಮಕೂರು ದಾಟಿ ಶಿರಾ ಕಡೆಗೆ ಸಾಗುವಾಗ ನಡುವೆ ಸಿಗುವ ಊರು ಕಳ್ಳಂಬೆಳ್ಳ. ಹಗಲಿರುಳು ಲಾರಿ ಓಡಾಟ ನಿಲ್ಲದ ರಸ್ತೆ ಇದು. ಇದರ ಆಸುಪಾಸಿನಲ್ಲಿ ಕಡಲೆಕಾಯಿಯ ಪಾವಗಡ, ಹುಣಸೆಯ ಮಧುಗಿರಿ, ರಾಗಿ ಬೆಳೆಯುವ ಕೊರಟಗೆರೆ ಮತ್ತು ಶಿರಾ ತಾಲ್ಲೂಕುಗಳಿವೆ. ಉತ್ತರಕ್ಕೆ ಹೋದರೆ ಎಣ್ಣೆ ಗಿರಣಿಗಳ ಚಳ್ಳಕೆರೆ, ಇತ್ತ ಕೊಬ್ಬರಿಯ ತಿಪಟೂರು. ತುಮಕೂರಿನ ದಿಕ್ಕಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ. ಅಲ್ಲಿನ ಫುಡ್ ಪಾರ್ಕ್ 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯಿಂದ ಉದ್ಘಾಟನೆಯಾಯಿತು. ಜಲ್ಲಿ, ಇಟ್ಟಿಗೆ, ಸಿಮೆಂಟು ಹೊಡೆಯುತ್ತಿದ್ದ ಲಾರಿಯವರು ದವಸಧಾನ್ಯದ ಲೋಡಿಗೆ ಬರಲು ಇಷ್ಟು ಕಾರಣ ಸಾಕು.

ಹಾಗೆ ಹೊಸದಾಗಿ ಬರುವವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಮುಂಗಡ ಎಷ್ಟು, ಹಮಾಲಿ ಯಾರದ್ದು ಎಂಬುದನ್ನು. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಆಹಾರದ ಲೋಡಿಗೆ ಇವುಗಳಿಗಿಂತ ಮುಂಚಿನ ಪ್ರಶ್ನೆ ಒಂದಿದೆ, ಅದನ್ನು ತನ್ನ ಲಾರಿಯ ಬಗ್ಗೆ ತಾನೇ ಕೇಳಿಕೊಳ್ಳಬೇಕು: ನಿನ್ನೆ ಇದರಲ್ಲಿ ಏನಿತ್ತು?

1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿನಿಸು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಗೋಧಿಯಲ್ಲಾಗಲಿ, ಬೀಸಿದವರಲ್ಲಾಗಲಿ ತಪ್ಪಿರಲಿಲ್ಲ. ಆಹಾರದ ಸರಕಿನ ಜೊತೆಯಲ್ಲೇ ಪ್ಯಾರಥಿಯಾನ್ ಎಂಬ ಕೀಟನಾಶಕವನ್ನೂ ಸಾಗಿಸಲಾಗಿತ್ತು. ಅದು ಸೋರಿ ಆಹಾರಕ್ಕೆ ಸೇರಿತ್ತು. ದೇಶದಲ್ಲಿ 1968ರ ಕೀಟನಾಶಕ ಕಾಯ್ದೆ ಬಂದದ್ದರ ಹಿಂದೆ ಈ ಸಾವುಗಳಿವೆ. ಕೀಟನಾಶಕ ಆಹಾರಕ್ಕಾಗಲಿ ಮೇವಿಗಾಗಲಿ ತಾಗುವಂತೆ ಸಾಗಿಸಬಾರದು ಎಂದು 1971ರ ನಿಯಮಗಳು ಹೇಳುತ್ತವೆ. ಸಾಗಣೆಯ ಒಂದು ಅಜಾಗರೂಕತೆ ಎಷ್ಟು ಮನೆಗಳ ತಟ್ಟೆಗೆ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ನಮ್ಮ ಕಡೆ ಈ ಅಪಾಯ ಬರುವುದು ರಿಟರ್ನ್ ಲೋಡಿನಿಂದ. ಕರಾವಳಿಗೆ ಧಾನ್ಯ ಇಳಿಸಿದವನಿಗೆ ಮಂಗಳೂರಿನ ಪಣಂಬೂರಿನಿಂದ ಗೊಬ್ಬರ ಸಿಗುತ್ತದೆ. ಬೆಂಗಳೂರಿಗೆ ರಾಗಿ ಒಯ್ದವನಿಗೆ ಬಣ್ಣದ ಡಬ್ಬ, ರಾಸಾಯನಿಕದ ಡ್ರಮ್ಮು, ಗುಜರಿ ಸಿಗುತ್ತದೆ. ಖಾಲಿ ಬಂದರೆ ಡೀಸೆಲ್ ಖರ್ಚು ಮೈಮೇಲೆ. ಹಾಗಾಗಿ ಯಾರೂ ಬೇಡ ಎನ್ನುವುದಿಲ್ಲ, ಬೇಡ ಎನ್ನಿ ಎಂದು ಹೇಳುವುದು ಸುಲಭವೂ ಅಲ್ಲ. ಆದರೂ ಒಂದು ಗೆರೆ ಎಳೆಯಲೇಬೇಕು. ಕೀಟನಾಶಕ, ಆ್ಯಸಿಡ್, ಹಳೇ ಬ್ಯಾಟರಿ, ಗಾಜಿನ ಚೂರು ಹೊತ್ತ ಲಾರಿಯ ಬಾಡಿಯೊಳಗೆ ಆಹಾರ ಹಾಕಬಾರದು. ತೊಳೆದೆ ಎಂಬ ಸಮಾಧಾನ ಅಲ್ಲಿ ಸಾಲದು. ಹಲಗೆಯ ನೆಲ ಕುಡಿದ ವಿಷವನ್ನು ನೀರು ಪೂರ್ತಿ ಹೊರಗೆ ತರಲಾರದು. ಗೊಬ್ಬರ, ಸಿಮೆಂಟು, ಮೆಣಸಿನಕಾಯಿಯಂಥ ಲೋಡಾದರೆ ಸರಿಯಾಗಿ ಶುಚಿ ಮಾಡಿ ಮುಂದುವರಿಯಬಹುದು.

ಶುಚಿ ಮಾಡುವುದರಲ್ಲೂ ಒಂದು ಕ್ರಮವಿದೆ. ಸಿಮೆಂಟು ಹೊತ್ತ ಬಾಡಿಗೆ ಮೊದಲೇ ನೀರು ಬಿಟ್ಟರೆ ಸಂದಿಯಲ್ಲಿದ್ದ ಪುಡಿ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮುಂದಿನ ಲೋಡಿನ ಅಲುಗಾಟಕ್ಕೆ ಚೂರುಚೂರಾಗಿ ಎದ್ದು ಧಾನ್ಯಕ್ಕೆ ಬೀಳುತ್ತದೆ. ಅದನ್ನು ಒಣಗಿದ್ದಾಗಲೇ ಗುಡಿಸಿ, ಗಾಳಿ ಪೈಪಿನಿಂದ ಸಂದಿ ಸಂದಿ ಊದಿ, ಆಮೇಲೆ ತೊಳೆಯಬೇಕು. ಯೂರಿಯಾ ಇದಕ್ಕೆ ತದ್ವಿರುದ್ಧ, ನೀರಿಗೆ ಕರಗುತ್ತದೆ. ಗುಡಿಸಿದ ಮೇಲೆ ಧಾರಾಳ ನೀರು ಬಿಟ್ಟರೆ ಹೊರಟುಹೋಗುತ್ತದೆ, ಉಳಿಸಿದರೆ ಗಾಳಿಯ ತೇವ ಎಳೆದುಕೊಂಡು ಮೂಟೆಯ ತಳವನ್ನು ಒದ್ದೆ ಮಾಡುತ್ತದೆ. ಮೆಣಸಿನಕಾಯಿಯ ಘಾಟು ಹೋಗಲು ತೊಳೆತದ ಜೊತೆ ಬಿಸಿಲೂ ಬೇಕು. ಬಯಲುಸೀಮೆಯ ಬಿಸಿಲು ನಮಗೆ ಪುಕ್ಕಟೆ ಸಿಕ್ಕಿದ ಸಲಕರಣೆ. ಬಾಡಿ ಬೆರಳಿಗೆ ಒಣಗಿದೆ ಅನ್ನಿಸಿದ ಮೇಲೂ ಹಲಗೆಯ ಸಂದಿ ಒಣಗಲು ಬಿಡಬೇಕು.

ಇನ್ನೆರಡು ಪರೀಕ್ಷೆಗಳಿಗೆ ಕಾಸು ಖರ್ಚಿಲ್ಲ. ಖಾಲಿ ಬಾಡಿಯ ಮೇಲೆ ಟಾರ್ಪಾಲು ಪೂರ್ತಿ ಎಳೆದು, ಬಾಗಿಲು ಹಾಕಿಸಿ, ಹಗಲು ಹೊತ್ತು ಒಳಗೆ ನಿಂತು ಮೇಲೆ ನೋಡಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲೆಲ್ಲ ಮಳೆ ನೀರು ಇಳಿಯುತ್ತದೆ. ಬಳಪದಲ್ಲಿ ಗುರುತು ಹಾಕಿ ತೇಪೆ ಹಚ್ಚಿಸಿ. ಎರಡನೆಯದು ಮೂಗಿನ ಪರೀಕ್ಷೆ. ಬಾಡಿಯನ್ನು ಸ್ವಲ್ಪ ಹೊತ್ತು ಹಾಗೇ ಮುಚ್ಚಿಟ್ಟು, ತೆಗೆದ ತಕ್ಷಣ ತಲೆ ಒಳಗಿಟ್ಟು ಉಸಿರೆಳೆಯಿರಿ. ಡೀಸೆಲ್, ಗೊಬ್ಬರ, ಮುಗ್ಗಲು, ಯಾವ ವಾಸನೆ ಬಂದರೂ ಆ ದಿನ ಹಿಟ್ಟು, ಸಕ್ಕರೆ, ಕಡಲೆಬೀಜ ಒಪ್ಪಿಕೊಳ್ಳಬೇಡಿ. ಇವು ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತವೆ. ಕಾರ್ಖಾನೆಯ ಗೇಟಿನಲ್ಲಿ ಲೋಡು ವಾಪಸಾದರೆ ಹೋಗಿ ಬಂದ ಡೀಸೆಲ್ಲು, ಕಳೆದ ದಿನ, ಬ್ರೋಕರ್ ಹತ್ತಿರದ ಹೆಸರು, ಮೂರೂ ನಿಮ್ಮ ನಷ್ಟವೇ.

ಸಾಮಾನಿನ ವಿಚಾರಕ್ಕೆ ಬಂದರೆ, ಮೊದಲ ದುಡ್ಡು ಟಾರ್ಪಾಲಿಗೆ ಹಾಕಿ. ಒಂದಲ್ಲ, ಎರಡು. ಹಾಸುವಾಗ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಎಳೆಯಬೇಕು. ಗಾಳಿ ಮುಂದಿನಿಂದ ಹೊಡೆಯುತ್ತದೆ. ಅಂಚು ತಿರುಗುಮುರುಗಾದರೆ ಗಾಳಿಯೂ ಮಳೆಯೂ ಆ ಸಂದಿಯಲ್ಲೇ ನುಗ್ಗುತ್ತವೆ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಿದಿರಿನ ಚಾಪೆ. ಹಗ್ಗ ಬಿಗಿದು ಹೊರಟ ಮೇಲೆ ಮೂಟೆಗಳು ಕುಲುಕಿ ಕೂರುತ್ತವೆ, ಬಿಗಿದದ್ದು ಸಡಿಲವಾಗುತ್ತದೆ. ಕಳ್ಳಂಬೆಳ್ಳದಲ್ಲಿ ಹೇರಿದವರು ಶಿರಾ ದಾಟುವುದರೊಳಗೆ ಒಮ್ಮೆ ನಿಲ್ಲಿಸಿ ಸುತ್ತ ನೋಡಿ ಮತ್ತೆ ಬಿಗಿಯಬೇಕು. ಹಗ್ಗ ಮೂಟೆಯ ಮೂಲೆ ಕೊಯ್ಯದಂತೆ ಅಲ್ಲಿಗೆ ಹಳೇ ಗೋಣಿ ಮಡಚಿ ಕೊಡಬೇಕು.

ಟೂಲ್ ಬಾಕ್ಸಿನಲ್ಲಿ ದಬ್ಬಣ ಮತ್ತು ಗೋಣಿ ದಾರ ಇರಲೇಬೇಕು. ಹರಿದ ಮೂಟೆಯನ್ನು ಹರಿದ ಜಾಗದಲ್ಲೇ ಹೊಲಿದವನಿಗೆ ಇಳಿಸುವಲ್ಲಿ ಶಾರ್ಟೇಜ್ ಜಗಳ ಕಡಿಮೆ. ಒಂದಷ್ಟು ಖಾಲಿ ಚೀಲ, ಆಹಾರದ ಲೋಡಿಗೆಂದೇ ಬೇರೆ ಇಟ್ಟ ಪೊರಕೆ, ಮೂಗು ಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್, ಟಾರ್ಚು ಜೊತೆಗಿರಲಿ. ಧಾನ್ಯದ ಧೂಳು ನಿರುಪದ್ರವಿ ಎಂದು ತಿಳಿಯಬೇಡಿ, ದಿನವೂ ಕುಡಿದರೆ ಉಬ್ಬಸಕ್ಕೆ ದಾರಿ. ಹಮಾಲರು ಕೊಕ್ಕೆ ಹಾಕಿ ಮೂಟೆ ಎಳೆಯುವುದಕ್ಕೆ ಬಿಡಬೇಡಿ, ಕೊಕ್ಕೆ ಮಾಡಿದ ತೂತಿನಿಂದ ದಾರಿಯುದ್ದಕ್ಕೂ ಕಾಳು ಸುರಿಯುತ್ತದೆ. ಅದನ್ನು ದನಿಯೇರಿಸದೆ ಹೇಳಿ. "ಅಣ್ಣ, ಕೊಕ್ಕೆ ಬೇಡ, ಕೈಯಲ್ಲೇ ಹಿಡೀರಿ, ಚೀಲ ಹಳೇದು" ಎಂದರೆ ಕೇಳದವರು ಕಡಿಮೆ. ಐವತ್ತು ಕಿಲೋ ಬೆನ್ನ ಮೇಲೆ ಹೊರುವವರಿಗೆ ನೀರು, ಟೀ, ನಿಲ್ಲಲು ಗಟ್ಟಿ ಹಲಗೆ ಒದಗಿಸುವುದೂ ಲಾರಿಯವನ ಕೆಲಸ.

ಸರಕಿನ ಗುಣ ಅರಿಯದೆ ಸಲಕರಣೆ ಇದ್ದೂ ಉಪಯೋಗವಿಲ್ಲ. ರಾಗಿ ನಮ್ಮ ನೆಲದ ಗಟ್ಟಿ ಕಾಳು. ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದ ಧಾನ್ಯ, ಒಣಗಿದ್ದರೆ ಅದರಷ್ಟು ಸುಲಭದ ಲೋಡು ಇನ್ನೊಂದಿಲ್ಲ. ಅದೇ ರಾಗಿ ಹಿಟ್ಟಾದರೆ ಮಾತು ಬೇರೆ. ಹಿಟ್ಟು ಬೇಗ ಮುಗ್ಗುತ್ತದೆ, ತೇವ ಕುಡಿಯುತ್ತದೆ, ವಾಸನೆ ಹಿಡಿಯುತ್ತದೆ. ಹುಣಸೆಹಣ್ಣಿನ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಬರೀ ತಗಡಿನ ಮೇಲೆ ಇಟ್ಟರೆ ಬಾಡಿಯೂ ಹಾಳು, ಹಣ್ಣೂ ಕಪ್ಪು. ಬೆಲ್ಲ ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆಗಾಲದಲ್ಲಿ ಕರಗುತ್ತದೆ. ಮಂಡಕ್ಕಿಗೆ ತೂಕವಿಲ್ಲ, ಎತ್ತರವಿದೆ. ಅಡ್ಡಗಾಳಿಗೆ ಲಾರಿ ವಾಲುವುದು ಅಂಥ ಲೋಡಿನಲ್ಲೇ. ಕೊಬ್ಬರಿ ಒದ್ದೆಯಿದ್ದರೆ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತದೆ. ಹಡಗಿನ ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಅದನ್ನು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿಟ್ಟಿವೆ. ಒಣಗಿಲ್ಲದ ಕೊಬ್ಬರಿಯನ್ನು ಗಾಳಿಯಾಡದಂತೆ ಬಿಗಿದು ದೂರ ಒಯ್ಯುವುದು ತರವಲ್ಲ. ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು.

ಕಡಲೆಕಾಯಿಗೆ ಹೆಚ್ಚಿನ ಎಚ್ಚರ ಬೇಕು. ಶಿರಾ, ಪಾವಗಡದ ರೈತ ಬರ ತಡೆದು ಬೆಳೆದದ್ದನ್ನು ಸಾಗಣೆಯಲ್ಲಿ ಕೆಡಿಸುವುದು ತೇವ. ಕಾಯಿಯ ತೇವಾಂಶ ಶೇ 8ರ ಒಳಗಿರಬೇಕು ಎಂಬುದು ಬೆಂಬಲ ಬೆಲೆ ಖರೀದಿಯ ಮಾನದಂಡ. ಅದು ಮೀರಿ ಸೆಕೆಯಲ್ಲಿ ಕುಳಿತರೆ ಬೂಷ್ಟು ಬರುತ್ತದೆ, ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ ಅದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಸಂಸ್ಕರಣೆಗೆ ಹೋಗುವ ಕಡಲೆಬೀಜದಲ್ಲಿ ಅದು ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಮಿತಿ ಹಾಕಿದೆ. ಹೇರುವಾಗ ಒಂದು ಹಿಡಿ ಕಾಯಿ ಕೈಗೆ ತೆಗೆದುಕೊಂಡು ಕಿವಿ ಹತ್ತಿರ ಅಲ್ಲಾಡಿಸಿ. ಒಣಗಿದ ಕಾಯಿಯ ಒಳಗೆ ಬೀಜ ಗಲಗಲ ಎನ್ನುತ್ತದೆ. ಸದ್ದಿಲ್ಲದ ಕಾಯಿ ಹೆಚ್ಚಿದ್ದರೆ ಮಂಡಿಯವರಿಗೆ ಅಲ್ಲೇ ಹೇಳಿ, ಬಿಲ್ಟಿಯ (ಸರಕು ರಶೀದಿಯ) ಮೇಲೆ ಬರೆಸಿ.

ಮಳೆ ಕಡಿಮೆ ಇರುವ ನಮ್ಮ ಸೀಮೆಯ ಚಾಲಕರು ತೇವದ ವಿಷಯದಲ್ಲಿ ಸುಲಭವಾಗಿ ಏಮಾರುತ್ತಾರೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಹೇರಿದ ಮೂಟೆ ಬಿಸಿಯಾಗಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಿಗಿದು ಹೊರಟು, ರಾತ್ರಿ ಶಿರಾಡಿ ಘಾಟಿಯ ತಂಪಿಗೆ ಬಂದರೆ ಒಳಗಿನ ಬಿಸಿ ಗಾಳಿ ಟಾರ್ಪಾಲಿನ ಒಳಮೈಗೆ ತಾಗಿ ಬೆವರಾಗಿ ಇಳಿಯುತ್ತದೆ. ಹನಿ ಮಳೆ ಬಿದ್ದಿರುವುದಿಲ್ಲ, ಆದರೂ ಮೇಲಿನ ಸಾಲಿನ ಮೂಟೆ ಒದ್ದೆ. ಸಾಧ್ಯವಾದರೆ ಸಂಜೆ ತಂಪಿನಲ್ಲಿ ಹೇರಿ. ಆಗದಿದ್ದರೆ ಮೂಟೆಗಳ ಮೇಲೆ ಒಂದು ಪದರ ಖಾಲಿ ಗೋಣಿ ಹಾಸಿ ಆಮೇಲೆ ಟಾರ್ಪಾಲು ಎಳೆಯಿರಿ, ಬೆವರನ್ನು ಗೋಣಿ ಕುಡಿಯುತ್ತದೆ.

ತೂಕದ ಲೆಕ್ಕ ಬಾಯಲ್ಲಿ ಹೇಳುವುದಲ್ಲ, ವೇಬ್ರಿಡ್ಜ್ ಚೀಟಿಯಲ್ಲಿ ಇರಬೇಕಾದ್ದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ ಮಿತಿ ಏರಿಸಿದ ಮೇಲೆ ಹತ್ತು ಚಕ್ರದ ಲಾರಿಯ ಒಟ್ಟು ತೂಕ 25ರಿಂದ 28.5 ಟನ್‌ಗೆ ಏರಿತು. ಲಾರಿಯ ಖಾಲಿ ತೂಕ 10 ಟನ್ ಎಂದುಕೊಂಡರೆ ಉಳಿದದ್ದು 18.5 ಟನ್, ಅಂದರೆ ಐವತ್ತು ಕಿಲೋದ 370 ಮೂಟೆ. ಆದರೆ ಒಂದು ಗೋಣಿಚೀಲವೇ 580 ಗ್ರಾಂ ತೂಗುತ್ತದೆ. 370 ಚೀಲಕ್ಕೆ ಎರಡು ಕ್ವಿಂಟಲ್ ಮೀರಿತು. ಟ್ಯಾಂಕ್ ತುಂಬ ಡೀಸೆಲ್, ಇಬ್ಬರು ಮನುಷ್ಯರು, ಸ್ಟೆಪ್ನಿ, ಟಾರ್ಪಾಲು ಖಾಲಿ ತೂಕದಲ್ಲಿ ಸೇರಿದ್ದವೇ ಎಂದು ನೋಡಿಕೊಳ್ಳಿ. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಸರಕು ಇಳಿಸುವ ಖರ್ಚೂ ನಿಮ್ಮದೇ. ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. 2025–26ರ ಬೆಂಬಲ ಬೆಲೆಯಲ್ಲಿ ರಾಗಿ ಕ್ವಿಂಟಲಿಗೆ 4,886 ರೂಪಾಯಿ. 370 ಮೂಟೆ ಎಂದರೆ ಒಂಬತ್ತು ಲಕ್ಷ ದಾಟುತ್ತದೆ. ಎಷ್ಟೋ ರೈತರ ಎಷ್ಟೋ ತಿಂಗಳ ದುಡಿಮೆ ಒಂದು ಟಾರ್ಪಾಲಿನ ಕೆಳಗಿದೆ.

ಕಾಗದಪತ್ರದ ವಿಷಯ ಚುಟುಕಾಗಿ: ಬಿಲ್ಟಿ, ಮಾಲಿನ ಬಿಲ್ಲು, ತೂಕದ ಚೀಟಿ, ಎಪಿಎಂಸಿ ಪರ್ಮಿಟ್ ಬೇಕಿದ್ದಲ್ಲಿ ಅದು. ತೆರಿಗೆ ಬೀಳುವ ಸರಕು 50,000 ರೂಪಾಯಿ ಮೀರಿದರೆ ಇ-ವೇ ಬಿಲ್. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ದಾರಿಯಲ್ಲಿ ಲಾರಿ ಕೆಟ್ಟರೆ ಅವಧಿ ಮುಗಿಯುವ ಮುಂಚಿನ ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಆಹಾರ ಸಾಗಿಸುವುದೂ ಆಹಾರ ವ್ಯವಹಾರವೇ ಎಂದು 2006ರ ಆಹಾರ ಸುರಕ್ಷತಾ ಕಾಯ್ದೆ ಎಣಿಸುತ್ತದೆ, ಆದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಮಾಡಿಸಿಕೊಳ್ಳಿ. ಇವುಗಳ ಜೊತೆ ನಿಮ್ಮದೇ ಒಂದು ಪುಸ್ತಕ ಇಡಿ: ಯಾವ ದಿನ ಏನು ಹೇರಿದೆ, ಆಮೇಲೆ ಹೇಗೆ ತೊಳೆದೆ. ಅದನ್ನು ತೋರಿಸಬಲ್ಲವನಿಗೆ ದೊಡ್ಡ ಕಾರ್ಖಾನೆಗಳ ಲೋಡು ಸಿಗುವುದು ಸುಲಭ.

ಇನ್ನು ಪ್ರಾಣದ ಮಾತು. ನುಸಿ, ಹುಳು ಬೀಳದಿರಲೆಂದು ಗೋದಾಮುಗಳಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಗಾಳಿಯ ತೇವಕ್ಕೆ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಬೆಳ್ಳುಳ್ಳಿಯಂಥ ವಾಸನೆ, ಕೆಲವೊಮ್ಮೆ ಕೊಳೆತ ಮೀನಿನಂಥದ್ದು. ಮುಚ್ಚಿದ ಜಾಗದಲ್ಲಿ ಅದನ್ನು ಉಸಿರಾಡಿದವರು ಬದುಕುವುದು ಕಷ್ಟ, ಅದಕ್ಕೆ ಮದ್ದಿಲ್ಲ. ಆ ಗುಳಿಗೆಯನ್ನು ತರಬೇತಿ ಪಡೆದ, ಪರವಾನಗಿ ಇರುವವರು ಮಾತ್ರ ಬಳಸಬೇಕೆಂಬ ನಿರ್ಬಂಧವಿದೆ. ಹೀಗಿರುವಾಗ "ದಾರಿಯಲ್ಲಿ ಕೆಲಸ ಮಾಡಲಿ" ಎಂದು ಯಾರಾದರೂ ಲೋಡಿನೊಳಗೆ ಗುಳಿಗೆ ಇಡಲು ಬಂದರೆ ಖಡಾಖಂಡಿತ ಬೇಡ ಎನ್ನಿ. ಗೋದಾಮಿನಿಂದ ಹೇರುವ ಮುಂಚೆ ಔಷಧಿ ಹೊಡೆದದ್ದು ಯಾವಾಗ, ಗಾಳಿಗೆ ತೆರೆದಿಟ್ಟದ್ದು ಎಷ್ಟು ಹೊತ್ತು ಎಂದು ಕೇಳಿ. ಚಳಿಗೋ ಮಳೆಗೋ ಟಾರ್ಪಾಲಿನ ಅಡಿಯಲ್ಲಿ ಮೂಟೆಗಳ ಮೇಲೆ ಮಲಗುವ ಅಭ್ಯಾಸ ಕ್ಲೀನರ್ ಹುಡುಗರಿಗೆ ಇರುತ್ತದೆ. ಅದನ್ನು ಮೊದಲ ದಿನವೇ ನಿಲ್ಲಿಸಿ. ತಲೆ ಸುತ್ತು, ವಾಂತಿ, ಎದೆ ಬಿಗಿತ ಬಂದರೆ ತಕ್ಷಣ ಬಯಲಿಗೆ ಬಂದು ಆಸ್ಪತ್ರೆಗೆ ಓಡಿ, ಧಾನ್ಯದ ಲೋಡು ಎಂದು ವೈದ್ಯರಿಗೆ ಹೇಳಿ.

ಚೀಲವಿಲ್ಲದೆ ಸುರಿದು ಒಯ್ಯುವ ಸಾಗಣೆ ನಮ್ಮಲ್ಲಿ ಇನ್ನೂ ಕಡಿಮೆ. ಪಂಜಾಬಿನ ಮೋಗಾ, ಹರಿಯಾಣದ ಕೈತಲ್‌ನ ಸೈಲೋಗಳಿಂದ ಗೋಧಿಯನ್ನು ವಿಶೇಷ ರೈಲು ವ್ಯಾಗನ್‌ಗಳಲ್ಲಿ ಸುರಿದು ಬೆಂಗಳೂರಿನವರೆಗೂ ತರುವ ವ್ಯವಸ್ಥೆ ಬಂದಿದೆ; ಹಿಟ್ಟು, ಸಕ್ಕರೆಗೆ ಗಾಳಿಯ ಒತ್ತಡದಿಂದ ಖಾಲಿ ಮಾಡುವ ಟ್ಯಾಂಕರುಗಳೂ ಉಂಟು. ಹೆದ್ದಾರಿಯಲ್ಲಿ ದಿನವೂ ಕಾಣುವ ಸಿಮೆಂಟಿನ ಬಲ್ಕರ್ ಅದೇ ಜಾತಿಯದು, ಆದರೆ ಸಿಮೆಂಟು ತುಂಬಿದ ಟ್ಯಾಂಕಿಗೆ ಆಹಾರ ಎಂದೂ ಸಲ್ಲ. ಆಹಾರದ ಟ್ಯಾಂಕರ್ ಹತ್ತುವವರು ನೆನಪಿಡಬೇಕಾದ್ದು: ಒತ್ತಡ ಪೂರ್ತಿ ಬಿಟ್ಟು, ಗೇಜು ಸೊನ್ನೆಗೆ ಬಂದ ಮೇಲಷ್ಟೇ ಮುಚ್ಚಳಕ್ಕೆ ಕೈ ಹಾಕಬೇಕು. ಖಾಲಿ ಮಾಡುವಾಗ ಅರ್ಥಿಂಗ್ ತಂತಿ ಸಿಕ್ಕಿಸಬೇಕು, ಏಕೆಂದರೆ ಗಾಳಿಯಲ್ಲಿ ತೇಲುವ ಹಿಟ್ಟು, ಸಕ್ಕರೆಯ ಧೂಳು ಒಂದು ಕಿಡಿಗೆ ಸಿಡಿಯುತ್ತದೆ. ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು ಸಕ್ಕರೆ ಧೂಳು ಸಿಡಿದು 14 ಜನ ಸತ್ತರು. ಟ್ಯಾಂಕಿನಲ್ಲಿ ಕಾಳು ಕಟ್ಟಿಕೊಂಡಿದೆ ಎಂದು ಒಬ್ಬರೇ ಒಳಗಿಳಿಯುವುದು ಬೇಡವೇ ಬೇಡ, ಕಾಳು ಮನುಷ್ಯನನ್ನು ಕ್ಷಣದಲ್ಲಿ ಒಳಗೆಳೆದುಕೊಳ್ಳುತ್ತದೆ.

ರಸ್ತೆಯನ್ನು ಮರೆಯುವಂತಿಲ್ಲ. 2022ರ ಆಗಸ್ಟ್ 25ರ ಬೆಳಗಿನ ಜಾವ ಕಳ್ಳಂಬೆಳ್ಳದ ಹತ್ತಿರ ಇದೇ ಹೆದ್ದಾರಿಯಲ್ಲಿ ಲಾರಿ ಮತ್ತು ಕ್ರೂಸರ್ ವಾಹನದ ನಡುವೆ ಅಪಘಾತವಾಗಿ ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಹೊರಟಿದ್ದ ಬಡವರು ಅವರು. ಲಾರಿ ಕೆಟ್ಟರೆ ಪೂರ್ತಿ ಎಡಕ್ಕೆ ತಂದು, ಹಿಂದೆ ದೂರದಲ್ಲಿ ರಿಫ್ಲೆಕ್ಟರ್ ತ್ರಿಕೋನ ಇಡಿ. ಕಲ್ಲು, ಸೊಪ್ಪು ಇಟ್ಟು ಸುಮ್ಮನಾಗಬೇಡಿ. ಇಳಿಬಿಟ್ಟ ಟಾರ್ಪಾಲು ಹಿಂದಿನ ದೀಪ, ನಂಬರ್ ಪ್ಲೇಟು ಮುಚ್ಚದಂತೆ ಕಟ್ಟಿ. ಐದು ಗಂಟೆ ಸತತ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂದು 2025ರಲ್ಲಿ ರದ್ದಾದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ರಾಗಿ ಒಂದು ದಿನ ತಡವಾದರೆ ಕೆಡುವುದಿಲ್ಲ. ಒಣ ಸರಕಿನ ಲೋಡಿಗೆ ನಿದ್ದೆಗೆಟ್ಟು ಓಡುವ ಅಗತ್ಯವೇ ಇಲ್ಲ.

ಇಷ್ಟನ್ನೂ ಚಾಲಕರ ಹೆಗಲಿಗೇ ಹೊರಿಸಿ ಕೂರುವುದು ನ್ಯಾಯವಲ್ಲ. ಬಾಡಿ ತೊಳೆಯಲು ನೀರು, ಜಾಗ, ಅರ್ಧ ದಿನ ಬೇಕು. ಈಗ ಆ ಮೂರರ ಖರ್ಚೂ ಲಾರಿಯವನದೇ. ತೊಳೆದು ಬಂದವನಿಗೂ ಗೊಬ್ಬರ ಇಳಿಸಿ ನೇರ ಬಂದವನಿಗೂ ಒಂದೇ ಬಾಡಿಗೆ ಎಂದರೆ ಯಾರು ತೊಳೆದಾರು? ಮಂಡಿ ಮಾಲೀಕರು, ಗಿರಣಿಯವರು, ಟ್ರಾನ್ಸ್‌ಪೋರ್ಟ್ ಆಫೀಸಿನವರು ತೊಳೆಯುವ ಖರ್ಚನ್ನು ಬಾಡಿಗೆಯಲ್ಲಿ ಬೇರೆಯಾಗಿ ಸೇರಿಸಿ ಕೊಡಲಿ. ತುಮಕೂರು, ಶಿರಾ, ಮಧುಗಿರಿ, ಪಾವಗಡದ ಎಪಿಎಂಸಿಗಳು ಯಾರ್ಡಿನ ಒಂದು ಮೂಲೆಯಲ್ಲಿ ನೀರಿನ ಪೈಪು, ಇಳಿಜಾರಿನ ಸಿಮೆಂಟು ನೆಲ, ಗಾಳಿ ಊದುವ ಯಂತ್ರ ಇಟ್ಟು ಲಾರಿ ತೊಳೆಯುವ ಕಟ್ಟೆ ಮಾಡಲಿ. ಲೋಡು ಕೊಡುವ ಮುಂಚೆ ಪ್ರತಿಯೊಬ್ಬ ವ್ಯಾಪಾರಿಯೂ ಲಾರಿಯವರನ್ನು ಕೇಳಲಿ: ನಿನ್ನೆ ಇದರಲ್ಲಿ ಏನು ಹಾಕಿದ್ರಿ?